ಅತಿಥಿಗಾಗಿ ತುಂಬಿಸಿದ ಹುಣಸೆ ಶೆಡ್ಡು

ಹಿಂದೂಪುರದ ಮಂಡಿಯ ಹಿಂದಿನ ಶೆಡ್ಡಿನಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಹೆಂಗಸರಿಗೆಲ್ಲ ಈರಕ್ಕನೇ ಮೇಸ್ತ್ರಿ. ಸೆಟ್ಟೂರಿನಿಂದ ಕೂಲಿಗೆ ಬಂದು ಇಲ್ಲೇ ನಿಂತವಳು. ಮನೆಯಲ್ಲಿ ಏನಿಲ್ಲದಿದ್ದರೂ ಬಂದವರ ಮುಂದೆ ಇಲ್ಲ ಅನ್ನಬಾರದು ಎಂದು ಅವಳ ತಾಯಿ ಕಲಿಸಿದ್ದಳು. ಆ ಪಾಠ ಅವಳಿಗೆ ಸ್ವಲ್ಪ ಅತಿಯಾಗಿಯೇ ಹತ್ತಿತ್ತು.

ಹೊರದೇಶವೊಂದು ನಮ್ಮ ಹಣ್ಣಿನಲ್ಲಿ ದೋಷವಿದೆ ಎಂದು ತರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಶೆಡ್ಡಿಗೆ ಬೀಗ ಬಿತ್ತು. ದೇಶದೇಶಗಳ ವ್ಯಾಪಾರದ ಜಗಳ ತೀರಿಸುವ ಜಿನೀವಾದ ಸಂಸ್ಥೆಗೆ ನಮ್ಮ ಸರ್ಕಾರ ದೂರು ಕೊಡಲು ಹೊರಟಾಗ ಮಂಡಿಯ ಸೀತಾರಾಮಪ್ಪ ಅವಳಿಗೆ ಬಿಡಿಸಿ ಹೇಳಿದ:

"ಆ ದೇಶದೋರ ಹತ್ರ ವಕೀಲರ ದಂಡೇ ಐತೆ. ನಮಗಿರೋದು ನಿಮ್ಮ ಬಾಯಿಮಾತು ಒಂದೇ ಕಣಮ್ಮ. ಸರ್ಕಾರದ ವಕೀಲಮ್ಮ ಬತ್ತಾರೆ, ಕೆಲಸ ನಿಂತು ಪಟ್ಟ ಪಾಡು ಇದ್ದದ್ದು ಇದ್ದಂಗೆ ಹೇಳ್ಬುಡು. ದೂರು ಗೆದ್ರೆ ಶೆಡ್ಡು ತೆಗೀತದೆ."

ಈರಕ್ಕ ತಲೆಯಾಡಿಸಿದಳು. ಆಡಿಸಿ ಮಾಡಿದ್ದೇನು? ಪಕ್ಕದ ಮಂಡಿಯಿಂದ ಹಣ್ಣಿನ ಮೂಟೆ ಎರವಲು ತಂದಳು, ಬೀಗ ತೆಗೆಸಿ ಶೆಡ್ಡು ಗುಡಿಸಿ ರಂಗೋಲಿ ಹಾಕಿದಳು, ಹೆಂಗಸರಿಗೆ ಹಬ್ಬದ ಸೀರೆ ಉಡಿಸಿ ಸಾಲಾಗಿ ಕೂರಿಸಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ವಕೀಲೆ ಮೀನಾ "ಕೆಲಸ ಕಡಿಮೆ ಆಗಿದೆಯಾ?" ಎಂದು ಕೇಳಿದರೆ, "ಚೆನ್ನಾಗಿದ್ದೀವಿ ಕಣಮ್ಮ, ಏನೂ ಕಮ್ಮಿ ಇಲ್ಲ. ಕಾಫಿ ಕುಡೀರಿ" ಅಂದುಬಿಟ್ಟಳು. ಮೀನಾ ಫೋಟೋ ತೆಗೆದುಕೊಂಡು ಹೋದರು.

ಕೆಲವು ದಿನಗಳಾದ ಮೇಲೆ ಸೀತಾರಾಮಪ್ಪ ಸಿಟ್ಟಿನಿಂದ ಬಂದ. "ಹಿಂದೂಪುರಕ್ಕೆ ನಷ್ಟವೇ ಆಗಿಲ್ಲ ಅಂತ ಬರ್ಕೊಂಡವ್ರಂತೆ. ದೂರಲ್ಲಿ ನಮ್ಮ ಹುಣಸೆ ಹೆಸರೇ ಇರಲ್ವಂತೆ!"

ನೆಲ ಬಾಯಿಬಿಡಬಾರದೇ ಅನಿಸಿತು ಈರಕ್ಕನಿಗೆ. ಹೆಂಗಸರು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಯಾರೂ ಅವಳ ಕಡೆ ನೋಡಲೇ ಇಲ್ಲ. ನಾಚಿಕೆಯಿಂದ ಬೀದಿ ನಲ್ಲಿಗೆ ಹೋಗುವುದನ್ನೂ ಬಿಟ್ಟಳು.

ದೂರು ಇನ್ನೂ ಕಳಿಸಿಲ್ಲವೆಂದು ತಿಳಿದ ದಿನ ತಾನೇ ಮಂಡಿಗೆ ಹೋದಳು. "ವಕೀಲಮ್ಮಂಗೆ ಒಂದು ಫೋನ್ ಹಾಕ್ಕೊಡಣ್ಣ, ನಿಜ ಹೇಳ್ತೀನಿ." ಹೆಂಗಸರೆಲ್ಲ ಸುತ್ತ ಬಂದು ನಿಂತರು.

"ಹೇಗಿದ್ದೀರಿ ಈರಕ್ಕ? ಊಟ ಆಯ್ತಾ?" ಮೀನಾ ಕೇಳಿದರು.

"ಆಯ್ತು ಕಣಮ್ಮ," ಎಂದಿತು ಈರಕ್ಕನ ಬಾಯಿ.

ಪಕ್ಕದಲ್ಲಿದ್ದ ಗೌರಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ನಿಜಂ ಚೆಪ್ಪವೇ, ನಿಜ ಹೇಳೇ!"

ಈರಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಫೋನನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ.

"ಇಲ್ಲ ಕಣಮ್ಮ, ಸುಳ್ಳು ಹೇಳ್ದೆ. ನಮ್ಮನೇಲಿ ಇವತ್ತು ಒಲೆ ಹಚ್ಚಿಲ್ಲ. ಅವತ್ತು ನೀವು ನೋಡಿದ ಹಣ್ಣೂ ನಮ್ಮದಲ್ಲ. ಇದನ್ನ ಬರ್ಕೊಳ್ಳಿ."