ಹೊಳ್ಳಿ ಹೇಳು ಎಂದವಳು

ಆಯಿಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಹುಣಸೆ ಬೀಜದಷ್ಟು ಗಟ್ಟಿ ಗಂಟೊಂದು ಬಿದ್ದಿತ್ತು. ನಲವತ್ತು ವರ್ಷ ದ್ರಾಕ್ಷಿ ಗೊಂಚಲಿನ ಹೆಚ್ಚುವರಿ ಕಾಯಿ ಕತ್ತರಿಸಿದ ಕೈ ಅದು. ಮಾತಾಡುವಾಗ ಆ ಗಂಟನ್ನು ಇನ್ನೊಂದು ಕೈಯಿಂದ ತಿಕ್ಕುತ್ತ ಕೂಡುತ್ತಿದ್ದಳು. ತಿಕ್ಕುವ ಕೈ ನಿಂತಿತೆಂದರೆ ಎದುರಿಗಿದ್ದವರು ಏನೋ ತಪ್ಪು ಹೇಳಿದ್ದಾರೆ ಎಂದೇ ಅರ್ಥ.

ನಾನು ಆಗ ಪಿಎಚ್.ಡಿ. ಮಾಡುತ್ತಿದ್ದೆ. ಅಪ್ಪನ ಬ್ಯಾಂಕ್ ನೌಕರಿಯಿಂದಾಗಿ ವಿಜಯಪುರದ ಜೋರಾಪುರ ಪೇಟೆಯಲ್ಲೇ ಬೆಳೆದವಳು. ಹೊಲ ಕಂಡದ್ದು ರಜೆಯಲ್ಲಿ, ತಿಕೋಟಾದ ಅಜ್ಜಿಯ ದ್ರಾಕ್ಷಿ ತೋಟದಲ್ಲಿ ಮಾತ್ರ. ಕೂಲಿ ಹೆಂಗಸರ ಬದುಕಿನಲ್ಲಿ ಜಾತಿ, ಹೆಣ್ಣುತನ, ಬಡತನ ಮೂರೂ ಹೇಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂಬುದು ನನ್ನ ಪ್ರಬಂಧದ ವಿಷಯ. ಅವರ ಬಾಯಿಂದಲೇ ಕತೆ ಕೇಳಿ ಬರೆಯಬೇಕಿತ್ತು. ಹಾಗೆ ಬಿಜ್ಜರಗಿಯ ಆಯಿಯ ಮನೆ ಸೇರಿದೆ. ನನಗೆ ಸಂಬಂಧಿಯಲ್ಲ; ಅಲ್ಲಿನ ದಲಿತ ಕೇರಿಯಲ್ಲಿ ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಅಂದೆ.

ಆಕೆಯದೊಂದು ಪದ್ಧತಿಯಿತ್ತು. ಕೂಲಿಯವರನ್ನು ತುಂಬಿಕೊಂಡು ಹೋಗುವ ಟಂಟಂ ಆಟೋದಲ್ಲಿ ತೋಟಕ್ಕೆ ಹೋಗುವಾಗ ಒಬ್ಬಳು ಕತೆ ಹೇಳಿದರೆ, ಸಂಜೆ ಬರುವಾಗ ಕೇಳಿದವರಲ್ಲೊಬ್ಬಳು ಅದನ್ನು ಹೇಳಿದವಳಿಗೇ ತಿರುಗಿ ಹೇಳಬೇಕು. ಬಿಟ್ಟದ್ದನ್ನು ಉಳಿದವರು ಹಿಡಿಯುತ್ತಾರೆ. ನನಗೂ ರಿಯಾಯಿತಿ ಇರಲಿಲ್ಲ. "ಬರಕೊಂಡ ಹೋಗ್ರಿ ಅಕ್ಕಾರ, ಆದ್ರ ಬಂದು ಹೊಳ್ಳಿ ಹೇಳ್ರಿ," ಅಂದಳು.

ಆಯಿ ಹೇಳಿದ್ದು ತನ್ನ ಹರೆಯದ ಒಂದು ಮಧ್ಯಾಹ್ನದ ಕತೆ. ನಮ್ಮಜ್ಜಿಯ ತೋಟದಲ್ಲೇ ನಡೆದದ್ದು. ಹಸುಗೂಸನ್ನು ಜಾಲಿ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿ ಕೆಲಸಕ್ಕೆ ನಿಂತಿದ್ದಳು. ಊಟದ ಹೊತ್ತಿಗೆ ನೀರು ಮೊದಲು ಗಂಡಾಳುಗಳಿಗೆ, ಆಮೇಲೆ ಬೇರೆ ಜಾತಿಯ ಹೆಂಗಸರಿಗೆ, ಕಡೆಗೆ ಆಯಿಯ ಬೊಗಸೆಗೆ, ಮೇಲಿನಿಂದ. ಅಷ್ಟರಲ್ಲಿ ಕೊಡ ಖಾಲಿ. ಬಾವಿಯಿಂದ ಇನ್ನೊಂದು ಕೊಡ ಬರುವವರೆಗೆ ಕಾದು, ಅಜ್ಜಿ ಸುರುವಿದ ನೀರು ಕುಡಿಯುವಷ್ಟರಲ್ಲಿ ಬಿಡುವು ಮುಗಿದಿತ್ತು. ಕೂಸಿಗೆ ಹಾಲು ಸಿಕ್ಕಿದ್ದು ಸಂಜೆಗೇ.

ನಾನೆಂಥ ಜಾಣೆ ನೋಡಿ! ಹೆಣೆದುಕೊಂಡದ್ದನ್ನು ತೋರಿಸಲು ಹೊರಟವಳು, ಮೂರು ಬಣ್ಣದ ಪೆನ್ನು ಹಿಡಿದು ಎಲ್ಲವನ್ನೂ ಬಿಡಿಸಿಟ್ಟೆ. ಬೊಗಸೆ ಜಾತಿಯ ಖಾನೆಗೆ, ಕೂಸು ಹೆಣ್ಣಿನ ಖಾನೆಗೆ, ಮುಗಿದ ಬಿಡುವು ಕೂಲಿಯ ಖಾನೆಗೆ. ಅಜ್ಜಿಯನ್ನು 'ತೋಟದ ಒಡತಿ' ಎಂದು ಬರೆದು ಪಾರಾದೆ. ಅದಕ್ಕೆ ಅವ್ವ ಕಾರಣ. "ಸತ್ತ ನಮ್ಮವ್ವನ ಮಾನಾ ಕಳ್ಯಾಕ ಡಾಕ್ಟರ್ ಆಗಾಕತ್ತೀಯೇನ?" ಎಂದು ಕೇಳಿ ಎರಡು ದಿನ ಮಾತು ಬಿಟ್ಟಿದ್ದಳು.

ಹೊಳ್ಳಿ ಹೇಳಿದಾಗ ಆಯಿಯ ಕೈ ನಿಂತಿತು.

"ಇದೇನವ್ವಾ, ನನ್ನ ಮೂರು ಮಂದಿ ಮಾಡೀಯಲ್ಲಾ? ನೀರ ತಡಾ ಆತು, ಅದಕ್ಕ ಹಾಲ ತಡಾ ಆತು. ಬೊಗಸಿ ಒಡ್ಡಿದಾಕಿನೂ ನಾನ, ಹಾಲ ಕುಡಸಾಕಿನೂ ನಾನ. ಮತ್ತ ನೀರ ಸುರುವಿದಾಕಿ ನಿಮ್ಮಜ್ಜಿ ಅನ್ನೂದು ಯಾಕ ಬಿಟ್ಟಿ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನನಗೆ ನಾಚಿಕೆಯಾಯಿತು, ಅಳುವೂ ಬಂತು. "ಅವ್ವ ಬ್ಯಾಡ ಅಂತಾಳ ಆಯಿ," ಅಂದೆ. ಆಯಿ ಚಹಾ ಇಡಲು ಎದ್ದಳು. "ಅವಸರ ಮಾಡಬ್ಯಾಡ. ಬರಿಯೂದ ಬರಿ, ಆಕಿಗೂ ಓದಿ ಹೇಳು."

ಬಣ್ಣದ ಖಾನೆಗಳನ್ನು ಹರಿದು ಹಾಕಿ ಕತೆಯನ್ನು ಇದ್ದಂತೆಯೇ ಬರೆದೆ, ಅಜ್ಜಿ ಸಮೇತ. ಅಡುಗೆಮನೆಯ ಬಾಗಿಲಲ್ಲಿ ಕೂತು ಓದಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ಪ್ರಬಂಧದ ಮೌಖಿಕ ಪರೀಕ್ಷೆ ಯಾರು ಬೇಕಾದರೂ ಕೂತು ಕೇಳುವಂಥದ್ದು. ಆಯಿ ಮುಂದಿನ ಸಾಲಿನಲ್ಲಿದ್ದಳು. ಬರುವುದಿಲ್ಲ ಎಂದಿದ್ದ ಅವ್ವ ಹಿಂದಿನ ಬಾಗಿಲ ಹತ್ತಿರ ಕೂತಿದ್ದಳು. ಪರೀಕ್ಷಕರು ಆ ಪುಟ ತೆರೆದು, "ಇದು ಒಬ್ಬರ ನೆನಪಷ್ಟೇ. ಇದಕ್ಕೆ ಸಾಕ್ಷಿ ಏನು?" ಎಂದರು.

ಅವ್ವ ಎದ್ದು ನಿಂತಳು.

"ಸಾಕ್ಷಿ ನಾ ಅದೀನ್ರಿ. ನೀರ ಸುರುವಿದಾಕಿ ನಮ್ಮವ್ವ. ಆಗ ನಾ ಸಣ್ಣ ಹುಡುಗಿ, ಆ ಎರಡನೇ ಕೊಡಾ ಹೊತ್ತ ತಂದಾಕಿ ನಾನು. ಬಾವಿ ಕಡೆ ಗೆಳತ್ಯಾರ ಕೂಡ ಆಡಕೋತ ನಿಂತು ತಡಾ ಮಾಡಿದೆ. ಕೂಸು ಅಳೂದು ನನಗ ಕೇಳಸ್ತಿತ್ತು. ಇದನ್ನೂ ಬರಕೋಳ್ರಿ."

ಆಯಿ ತನ್ನ ಪಕ್ಕದ ಕುರ್ಚಿ ತಟ್ಟಿದಳು. "ಬಾ ತಂಗಿ, ಇಲ್ಲಿ ಕೂಡು ಬಾ." ಅವ್ವ ಎಲ್ಲರ ನಡುವೆ ನಡೆದು ಹೋಗಿ ಅಲ್ಲಿ ಕೂತಳು.

ಪದವಿ ಕೊಟ್ಟವರು ಬೇರೆ. ಅವ್ವನ ಬಾಯಿ ಬಿಡಿಸಿದ ಋಣ ಮಾತ್ರ ಆಯಿಯದು. ಹೊರಗೆ ಬಂದ ಮೇಲೆ ಕೇಳಿದೆ, "ಕೊಡಾ ತಂದಾಕಿ ಯಾರಂತ ನಿನಗ ಗೊತ್ತಿತ್ತೇನ ಆಯಿ?"

"ಗೊತ್ತಿರಲಾರದ ಏನವ್ವಾ. ಆದ್ರ ಅದು ಆಕಿ ಹೇಳೂ ಕತಿ. ನಾ ಹೆಂಗ ಹೇಳ್ಲಿ?"