ಅವ್ವನ ತುಟಿ ಹುಡುಕಿಕೊಂಡು

ಶನಿವಾರದ ಬೆಳಗಿನ ಶಾಲೆ ಮುಗಿಸಿ, ತಂಗಿ ಗಂಗೂಳನ್ನು ಕರೆದುಕೊಂಡು ವಿಜಯಪುರದ ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಹನ್ನೆರಡೂವರೆಯಾಗಿತ್ತು. ಮಾರ್ಚ್ ತಿಂಗಳ ಬಿಸಿಲು ನೆತ್ತಿಯ ಮೇಲಿತ್ತು. ಇಂಡಿಗೆ ಹೋಗುವ ಬಸ್ಸಿನ ಬಾಗಿಲಲ್ಲೇ ಜನ ಜೋತುಬಿದ್ದಿದ್ದರು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದಾಗಿನಿಂದ ನಾವು ಬಸ್ಸಿಗೆ ದುಡ್ಡು ಕೊಡುವುದಿಲ್ಲ, ಮೊಣಕೈ ಕೊಡುತ್ತೇವೆ. ಆಧಾರ್ ಕಾರ್ಡು ತೋರಿಸಿ ಎರಡು ಸೊನ್ನೆ ಟಿಕೆಟು ಪಡೆದು, ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕುಕ್ಕರಿಸಿದೆವು. ಅಲ್ಲಿ ಕೂತವರಿಗೆ ರಸ್ತೆಯ ಪ್ರತಿಯೊಂದು ತಗ್ಗಿನ ಪರಿಚಯವಾಗುತ್ತದೆ.

ಐವತ್ತೆರಡು ವರ್ಷದ ಶಾಲಾ ಮಾಸ್ತರಿಣಿಯೊಬ್ಬಳು ರಜೆ ಬಿಟ್ಟು ಹೀಗೆ ಊರೂರು ಅಲೆಯಲು ಕಾರಣವೇನೆಂದು ಮೊದಲೇ ಹೇಳಿಬಿಡುತ್ತೇನೆ. ಗಂಗೂಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳೂ ಅವಳ ಗಂಡನೂ ನಮ್ಮ ಓಣಿಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಅವ್ವ ಇದ್ದದ್ದು ಅವರ ಮನೆಯಲ್ಲೇ. ನಮ್ಮೆಲ್ಲರ ಜೊತೆ ಗಂಗೂ ಕೈಸನ್ನೆಯಲ್ಲಿ ಮಾತಾಡುತ್ತಾಳೆ. ಅವ್ವನ ಜೊತೆ ಮಾತ್ರ ಅವಳದು ತುಟಿಮಾತು. ಅವಳೊಂದಿಗೆ ಮಾತಾಡುವಾಗ ಅವ್ವ ದನಿಯನ್ನೇ ತೆಗೆಯುತ್ತಿರಲಿಲ್ಲ, ಬರೀ ತುಟಿ ಆಡಿಸುತ್ತಿದ್ದಳು. ಹಲ್ಲೆಲ್ಲ ಉದುರಿದ ಆ ಬಾಯಿಯನ್ನು ಓದಲು ಬರುತ್ತಿದ್ದುದು ಗಂಗೂಗೆ ಒಬ್ಬಳಿಗೇ.

ಜನವರಿಯಲ್ಲಿ ನಮ್ಮ ಮನೆಯಲ್ಲಿ ನನ್ನ ಮಗಳ ಕುಬಸವಾಯಿತು. ಬಸುರಿಯ ಉಡಿ ತುಂಬುವ ಕೆಲಸ ಚಿಕ್ಕಮ್ಮನಾದ ಗಂಗೂಳದು. ಅವಳು ತಲೆ ತಗ್ಗಿಸಿ ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು ಐದೈದರಂತೆ ಹಾಕುತ್ತಿದ್ದಳು. ಎದುರಿಗೆ ಗೋಡೆಗೊರಗಿ ಕೂತಿದ್ದ ಅವ್ವ ಅವಳನ್ನೇ ನೋಡುತ್ತ ತುಟಿ ಆಡಿಸುತ್ತಿದ್ದಳು. ಆ ಹೊತ್ತಿನಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಹನ್ನೊಂದು ದಿನದ ಮೇಲೆ ಅವ್ವ ಮಲಗಿದಲ್ಲೇ ತೀರಿಕೊಂಡಳು. ಆಮೇಲೆ ಮನೆತನದ ಮೊಬೈಲ್ ಗ್ರೂಪಿನಲ್ಲಿ ಯಾರೋ ಕುಬಸದ ದಿನದ ವಿಡಿಯೋ ಹಾಕಿದರು, ಗಂಗೂ ನೋಡಿದಳು. ಅವ್ವ ನನಗೇನೋ ಹೇಳಿದಳು, ನಾನು ತಲೆಯೆತ್ತಲಿಲ್ಲ ಎಂದು ಕೈಯಲ್ಲಿ ಹೇಳಿದವಳು ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕೂರಲಿಲ್ಲ. ಎದುರು ನಿಂತವರ ಮುಖವನ್ನೂ ನೋಡುವುದು ಬಿಟ್ಟಳು. ಕಿವುಡಿಯೊಬ್ಬಳು ಮುಖ ನೋಡುವುದು ಬಿಟ್ಟರೆ ಅವಳ ಪಾಲಿಗೆ ಜಗತ್ತೇ ಬಾಗಿಲು ಹಾಕಿಕೊಂಡಂತೆ.

ಗ್ರೂಪಿನ ಆ ವಿಡಿಯೋದಲ್ಲಿ ಅವ್ವನ ಬಾಯಿಯ ಜಾಗದಲ್ಲಿ ನಾಲ್ಕು ಮಸುಕು ಚೌಕಗಳು ಅಲ್ಲಾಡುತ್ತಿದ್ದವು, ಅಷ್ಟೇ. ನಮ್ಮ ಓಣಿಯ ಮೊಬೈಲ್ ಅಂಗಡಿಯವನು ಅದನ್ನು ನೋಡಿ, “ಗ್ರೂಪಿಗೆ ಹಾಕಿದ ಕೂಡಲೇ ಹಿಂಡಿ ಸಣ್ಣದು ಆಗಿಬಿಡ್ತೈತ್ರಿ ಟೀಚರ್. ಯಾರು ತಗದಾರ ಅವರ ಮೊಬೈಲಿನ್ಯಾಗ ಒರಿಜಿನಲ್ ಇರ್ತೈತಿ. ಅದು ಎಚ್‌ಡಿ ಇದ್ರ ತುಟಿ ಮ್ಯಾಲಿನ ಬಿರುಕು ಸೈತ ಕಾಣ್ತಾವ,” ಎಂದ. ಆ ದಿನ ಮೊಬೈಲು ಹಿಡಿದಿದ್ದ ಮೂವರಿಗೂ ಫೋನು ಮಾಡಿದೆ. ಒಬ್ಬರದು ಭಾರೀ ದೊಡ್ಡದಾಗಿ ಹೋಗಲೇ ಇಲ್ಲ, ಉಳಿದಿಬ್ಬರು ಪ್ರೀತಿಯಿಂದ ಮತ್ತೆ ಮತ್ತೆ ಕಳಿಸಿದರು, ಮತ್ತೆ ಮತ್ತೆ ಚೌಕಗಳೇ ಬಂದವು. ಹಿಂಡದೆ ಕಳಿಸುವ ಉಪಾಯವನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ ಅಂಗಡಿಯವನಿಂದ ಮೊಬೈಲಿಗೆ ಸಿಕ್ಕಿಸುವಂಥ ಪೆನ್‌ಡ್ರೈವ್ ಕೊಂಡು ನಾವೇ ಹೊರಟೆವು.

ಎರಡರ ಸುಮಾರಿಗೆ ಇಂಡಿ ತಲುಪಿದೆವು. ದೊಡ್ಡಪ್ಪನ ಮಗ ಶಿವಾನಂದ ಲಿಂಬೆಹಣ್ಣಿನ ವ್ಯಾಪಾರಿ. ನಮ್ಮ ಬಳಗದಲ್ಲಿ ಎಲ್ಲರಿಗಿಂತ ತುಟ್ಟಿ ಮೊಬೈಲು ಅವನದೇ, ಹಾಗಾಗಿ ನನ್ನ ಆಸೆಯೆಲ್ಲ ಅಲ್ಲೇ ಇತ್ತು. ಲಿಂಬೆ ಶರಬತ್ತು ಕುಡಿಸಿ, ಗೋಡೆಯಗಲದ ಟಿ.ವಿ.ಯಲ್ಲಿ ವಿಡಿಯೋ ಹಚ್ಚಿದ. ಚಿತ್ರ ಸ್ವಚ್ಛವಾಗಿತ್ತು, ಅವ್ವ ನೇರವಾಗಿ ಕಾಣುತ್ತಿದ್ದಳು. ಆದರೆ ಅವಳಿಗೆ ಮೂವತ್ತು ವರ್ಷ ಕಡಿಮೆಯಾಗಿತ್ತು. ಹಣೆಯ ಗೆರೆ ಇರಲಿಲ್ಲ, ಗಲ್ಲದ ಸುಕ್ಕಿರಲಿಲ್ಲ. ತುಟಿಗೆ ಗುಲಾಬಿ ಬಣ್ಣ ಬಂದು, ಬಾಯಿ ಆಡಿದ್ದೇ ತಿಳಿಯದಷ್ಟು ನುಣುಪಾಗಿತ್ತು. ಗಂಗೂ ಟಿ.ವಿ.ಯ ಕಡೆ ಬೆರಳು ಮಾಡಿ, ಇವಳು ಯಾರು ಎಂದು ನನ್ನನ್ನು ಕೇಳಿದಳು.

“ಎಲ್ಲಾರೂ ಚಂದ ಕಾಣ್ಲಿ ಅಂತ ಬ್ಯೂಟಿ ಫಿಲ್ಟರ್ ಹಾಕಿದ್ನಕ್ಕಾ,” ಎಂದ ಶಿವಾನಂದ, ತಲೆ ಕೆರೆಯುತ್ತ.

“ಅದನ್ನ ತಗದ ಬಿಡು ಮತ್ತ.”

“ಈಗ ತಗ್ಯಾಕ ಬರೂದಿಲ್ಲಕ್ಕಾ. ಆವಾಗ ಹಾಕಿದ್ದು ಹಾಕಿದಂಗ ಕುಂತಬಿಡ್ತೈತಿ.”

ಎಂಬತ್ತು ವರ್ಷ ಬಾಳಿ ಗಳಿಸಿದ ಸುಕ್ಕನ್ನು ಹೀಗೆ ಒರೆಸಿ ಹಾಕಿದ್ದಕ್ಕೆ ಅವನ ಕಿವಿ ಹಿಂಡಬೇಕೆನಿಸಿತು. ಅವನಿಗೂ ಐವತ್ತಾಗಿದೆಯೆಂದು ಸುಮ್ಮನಾದೆ. ಒಂದು ಚೀಲ ಲಿಂಬೆಹಣ್ಣು ಕೊಟ್ಟು ಸಿಂದಗಿ ಬಸ್ಸಿಗೆ ಕೂರಿಸಿದ. ಹೊರುವ ಭಾರ ಒಂದು ಹೆಚ್ಚಾಯಿತು.

ಇಂಡಿಯಿಂದ ಸಿಂದಗಿಗೆ ಒಂದೂವರೆ ತಾಸು. ಹೊಲಗಳಲ್ಲಿ ತೊಗರಿ ಕೊಯ್ದ ಕೂಳೆ, ಎರೆಮಣ್ಣಿನ ಬಿರುಕು, ಕಿಟಕಿಯಿಂದ ಧೂಳು. ಸಿಂದಗಿಯಲ್ಲಿ ನನ್ನ ಮೈದುನನ ಹೆಂಡತಿ ಕಸ್ತೂರಿಯ ಮನೆ. ಗ್ರೂಪಿಗೆ ಬಂದ ವಿಡಿಯೋ ತೆಗೆದವಳು ಅವಳೇ. “ನನ್ನ ಮೊಬೈಲಿನ್ಯಾಗ ಐತ್ರಿ ಅಕ್ಕಾರ, ಬರ್ರಿ,” ಎಂದು ಫೋನಿನಲ್ಲಿ ಹೇಳಿದ್ದಳು. ಹೋಗಿ ನೋಡಿದರೆ ಇದ್ದದ್ದು ಗ್ರೂಪಿನ ಆ ಹಿಂಡಿದ ವಿಡಿಯೋವೇ.

“ನೀ ತಗದದ್ದು ಎಲ್ಲೈತಿ?” ಎಂದೆ.

“ಜಾಗಾ ತುಂಬೇತಿ ಅಂತ ದಿನಾ ಹೇಳಾಕತ್ತಿತ್ರಿ. ಹೆಂಗೂ ಗ್ರೂಪಿನ್ಯಾಗ ಐತಲ್ಲ ಅಂತ ದೊಡ್ಡದನ್ನ ಅಳಿಸಿಬಿಟ್ಟೇನ್ರಿ.”

ಅವಳ ಮೊಬೈಲಿನಲ್ಲಿ ನೂರಾರು ಶುಭೋದಯದ ಗುಲಾಬಿಗಳು ಸುಖವಾಗಿದ್ದವು. ನನಗೆ ಸಿಟ್ಟು ಬಂದು ಎರಡು ಮಾತು ಬಿರುಸಾಗಿ ಆಡಿದೆ. ಅವಳು ಕಣ್ಣೀರು ಹಾಕುತ್ತಲೇ ಝುಣಕ ಮಾಡಿ, ಬಿಸಿ ರೊಟ್ಟಿ ಬಡಿದಳು. ತಿನ್ನುವಾಗ ನನಗೇ ನಾಚಿಕೆಯಾಯಿತು. ನನ್ನ ಮೊಬೈಲಿನಲ್ಲಾದರೂ ಅವ್ವನ ಒಂದು ನೆಟ್ಟಗಿನ ವಿಡಿಯೋ ಇದೆಯೇ? ಆ ದಿನ ನಾನು ಬಂದವರಿಗೆ ಎಲೆ ಹಾಕುವ ಗದ್ದಲದಲ್ಲಿದ್ದೆ. ರಾತ್ರಿ ಅಲ್ಲೇ ಉಳಿದೆವು.

ಭಾನುವಾರ ಬೆಳಿಗ್ಗೆ ಏಳಕ್ಕೆ ತಾಳಿಕೋಟೆಯ ಬಸ್ಸು. ತಾಳಿಕೋಟೆಯಲ್ಲಿ ಇಳಿದು ನೆನೆಸಿದ ಚುರುಮುರಿಯ ಸೂಸಲಾ ತಿಂದು, ಹತ್ತು ರೂಪಾಯಿಗೆ ಎರಡು ಗುಟುಕಿಗೂ ಬಾರದ ಚಹಾ ಕುಡಿದು, ಮುದ್ದೇಬಿಹಾಳದ ಬಸ್ಸು ಹತ್ತಿದೆವು. ನನ್ನ ಕಾಲು ಬಾತು ಚಪ್ಪಲಿಗೆ ಒಗ್ಗುತ್ತಿರಲಿಲ್ಲ. ಬಸ್ಸು ಹತ್ತಿದರೆ ಗಂಗೂ ಎರಡು ದಿನದಿಂದ ಹಾಗೇ, ಕಿಟಕಿಯಾಚೆ ನೋಡುತ್ತಿದ್ದಳೇ ಹೊರತು ಒಮ್ಮೆಯೂ ನನ್ನತ್ತ ತಿರುಗಲಿಲ್ಲ.

ಮುದ್ದೇಬಿಹಾಳದಲ್ಲಿ ನಮ್ಮ ಅಳಿಯನ ಸೋದರಮಾವ ವಕೀಲರಾಗಿದ್ದಾರೆ. ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಹಚ್ಚಿ ತೆಗೆದವರು ಅವರೊಬ್ಬರೇ. “ಫೋರ್‌ಕೆ ಐತ್ರಿ ನಂದು. ಇದರ ಮುಂದ ಎಚ್‌ಡಿ ಅಂದ್ರ ಏನೂ ಅಲ್ಲ,” ಎನ್ನುತ್ತ ಲ್ಯಾಪ್‌ಟಾಪ್ ತೆರೆದರು. ಬಡಾಯಿ ಸುಳ್ಳಾಗಿರಲಿಲ್ಲ. ಮಗಳ ಸೀರೆಯ ಎಳೆ, ಗಂಗೂಳ ಬಳೆಯ ಗೀರು, ಉತ್ತತ್ತಿಯ ಸುಕ್ಕು, ಎಲ್ಲ ಎಣಿಸುವಂತಿದ್ದವು. ಅವ್ವನ ಮೊಣಕಾಲೂ ಒಂದು ಕೈಯೂ ಕಾಣುತ್ತಿದ್ದವು. ಉಳಿದ ಅವ್ವ ಚೌಕಟ್ಟಿನ ಆಚೆಗಿದ್ದಳು.

“ನಾ ಸೊಸಿ ಮ್ಯಾಲಷ್ಟ ಫೋಕಸ್ ಇಟ್ಟಿದ್ನ್ರಿ,” ಎಂದರು ವಕೀಲರು, ಮೆತ್ತಗೆ.

ನಿಜ ಹೇಳುತ್ತೇನೆ, ಆಗ ನನಗೆ ಒಳಗೊಳಗೇ ಹಾಯೆನಿಸಿತು. ಮೂರು ಮೊಬೈಲು ಮುಗಿದವು, ಇನ್ನು ಮನೆಗೆ ಹೋಗಿ ಕಾಲು ಚಾಚಬಹುದು. ಸಾಕು, ಏಳು ಎಂದು ಗಂಗೂಗೆ ಸನ್ನೆ ಮಾಡಿದೆ. ಅವಳು ಏಳಲಿಲ್ಲ. ಪರದೆಗೆ ಮೂಗು ತಾಗುವಷ್ಟು ಬಾಗಿ, ಮೂಲೆಯೊಂದಕ್ಕೆ ಬೆರಳಿಟ್ಟಳು. ಮಗಳ ಬೆನ್ನ ಹಿಂದೆ, ದೂರದಲ್ಲಿ, ನಮ್ಮ ಅಡುಗೆಮನೆಯ ಬಾಗಿಲು. ವಕೀಲರು ಅದನ್ನು ದೊಡ್ಡದು ಮಾಡಿದರು, ಮತ್ತೂ ದೊಡ್ಡದು ಮಾಡಿದರು. ಚಿತ್ರ ಒಡೆಯಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತ ಹೆಂಗಸೊಬ್ಬಳು, ಹಿಟ್ಟು ಮೆತ್ತಿದ ಕೈಯಲ್ಲಿ ಮೊಬೈಲು ಎತ್ತಿ ಹಿಡಿದಿದ್ದಳು. ಅದರ ಕ್ಯಾಮೆರಾ ಅವ್ವ ಕೂತ ಗೋಡೆಯ ಕಡೆಗಿತ್ತು.

“ಯಾರ್ರಿ ಇವರು?” ಎಂದರು ವಕೀಲರು.

ಇಂಗಳೇಶ್ವರದ ಸಂಗವ್ವ. ಅದು ಅವ್ವನ ತವರೂರು, ಸಂಗವ್ವ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ನಮ್ಮ ಮನೆಯಲ್ಲಿ ಯಾವ ಕಾರ್ಯವಾದರೂ ರೊಟ್ಟಿ ಬಡಿಯಲು ಬರುವವಳು ಅವಳೇ. ಆ ದಿನ ನೂರಿನ್ನೂರು ರೊಟ್ಟಿ ಬಡಿದು, ಎಲ್ಲರದಾದ ಮೇಲೆ ಉಂಡು, ಸಂಜೆಯ ಬಸ್ಸಿಗೆ ಹೋಗಿದ್ದಳು. ಮೊಬೈಲು ಹಿಡಿದವರ ಲೆಕ್ಕದಲ್ಲಿ ಅವಳು ನನ್ನ ತಲೆಗೇ ಬಂದಿರಲಿಲ್ಲ. ಅವಳ ನಂಬರೂ ನನ್ನಲ್ಲಿರಲಿಲ್ಲ.

ವಕೀಲರ ಮನೆಯಲ್ಲಿ ಅವಸರದಲ್ಲಿ ಎರಡು ತುತ್ತು ಉಂಡು, ಬಸವನ ಬಾಗೇವಾಡಿಯ ಬಸ್ಸಿಗೆ ನಿಂತೆವು. ಕಾಲುವೆ ನೀರು ಕಂಡಲ್ಲಿ ಹಸಿರು, ಉಳಿದಲ್ಲಿ ಬಿಸಿಲು. ಒಂದು ತಾಸಿಗೂ ಮೀರಿ ಕಂಬ ಹಿಡಿದು ನಿಂತು ಬಾಗೇವಾಡಿ ತಲುಪಿ, ತಲೆಗೆ ಇಪ್ಪತ್ತು ರೂಪಾಯಿ ಕೊಟ್ಟು ಇಂಗಳೇಶ್ವರದ ಟಂಟಂ ಆಟೋ ಏರಿದೆವು. ನಾಲ್ವರು ಕೂರುವಲ್ಲಿ ಒಂಬತ್ತು ಜನ. ಶಿವಾನಂದನ ಲಿಂಬೆಹಣ್ಣುಗಳನ್ನು ಆ ಒಂಬತ್ತು ಜನಕ್ಕೆ ಹಂಚಿ ಚೀಲ ಖಾಲಿ ಮಾಡಿದೆ.

ಸಂಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ನೀರು ಕೊಟ್ಟಳು, ಅವ್ವನನ್ನು ನೆನೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಂದ ಕಾರಣ ಹೇಳಿದೆ.

“ಐತಿ ತಂಗಿ. ನನಗ ಯಾರಿಗೂ ಕಳಸಾಕ ಬರೂದಿಲ್ಲ. ನೆಟ್ಟೂ ಹಾಕ್ಸಿಲ್ಲ. ಅಕ್ಕನ್ನ ನೋಡಬೇಕು ಅನಿಸಿದಾಗ ತಗದು ನೋಡ್ತೇನಿ,” ಎಂದಳು. ಮೊಬೈಲು ತರಲು ಏಳುತ್ತ, “ನೀವ್ಯಾರೂ ಕೇಳಲೇ ಇಲ್ಲಲ್ಲ,” ಎಂದಳು.

ಅಗ್ಗದ ಮೊಬೈಲು. ಗಾಜು ಒಡೆದು ಮೂಲೆಯಿಂದ ಮೂಲೆಗೆ ಗೀರು. ಆ ಗೀರುಗಳ ಅಡಿಯಲ್ಲಿ ಅವ್ವನ ಮುಖ ಚೂರುಚೂರಾಗಿತ್ತು. ಪೆನ್‌ಡ್ರೈವ್ ಸಿಕ್ಕಿಸಿ ಪ್ರತಿ ಮಾಡಿಕೊಂಡು, ನನ್ನ ಮೊಬೈಲಿಗೆ ಹಾಕಿ ತೆರೆದೆ. ಒಡಕು ಗಾಜಿನದಷ್ಟೇ ಆಗಿತ್ತು, ವಿಡಿಯೋಕ್ಕೆ ಏನೂ ಆಗಿರಲಿಲ್ಲ. ಫೋರ್‌ಕೆ ಇಲ್ಲ, ಬ್ಯೂಟಿ ಇಲ್ಲ, ಬರೀ ಎಚ್‌ಡಿ. ಅವ್ವ ಇದ್ದ ಹಾಗೇ ಇದ್ದಳು: ಗದ್ದದ ಮೇಲಿನ ಎರಡು ಬಿಳಿ ಕೂದಲು, ಎಲೆಯಡಿಕೆಯ ಕರೆ, ಒಣಗಿದ ತುಟಿ. ಕೆಳಗೆ ಗಂಗೂಳ ಬಾಗಿದ ತಲೆ ಮತ್ತು ಕೈ.

ಗಂಗೂ ಮೊದಲ ಸಲ ಅರ್ಧಕ್ಕೇ ಮುಖ ಮುಚ್ಚಿಕೊಂಡಳು. ಎರಡನೆಯ ಸಲ ಉಸಿರು ಹಿಡಿದು ನೋಡಿದಳು. ಮೂರನೆಯ ಸಲ ಅವ್ವನ ತುಟಿಯ ಜೊತೆ ಅವಳ ತುಟಿಯೂ ಆಡತೊಡಗಿತು. ಆಮೇಲೆ ಒಂದು ಕೈ ಎತ್ತಿ, ಒಂದೊಂದೇ ಬೆರಳು ಬಿಚ್ಚಿದಳು.

“ಏನಂತಾಳ ಅಕ್ಕ?” ಎಂದಳು ಸಂಗವ್ವ.

ನನಗೂ ಆಗ ಕಂಡಿತು. ಗಂಗೂಳ ಕೈ ಉತ್ತತ್ತಿಯನ್ನು ಉಡಿಗೆ ಹಾಕಿದಾಗೊಮ್ಮೆ ಅವ್ವನ ತುಟಿ ಒಮ್ಮೆ ಆಡುತ್ತಿತ್ತು. ಇನ್ನೊಂದು ಹಾಕಿದಾಗ ಇನ್ನೊಮ್ಮೆ. “ಎಣಸಾಕತ್ತಾಳ,” ಎಂದೆ. ಶಾಲೆಯ ಮೆಟ್ಟಿಲು ಹತ್ತದ ಗಂಗೂಗೆ ಎಣಿಕೆ ಕಲಿಸಿದ್ದು ಅವ್ವನ ತುಟಿಯೇ. ನಲವತ್ತಾರು ವರ್ಷದ ಮಗಳು ಎಲ್ಲಿ ತಪ್ಪುತ್ತಾಳೋ ಎಂದು ಎದುರಿಗೆ ಕೂತು ತಾನೂ ಎಣಿಸುತ್ತಿದ್ದಳು. ಗಂಗೂ ತಲೆ ತಗ್ಗಿಸಿದ್ದೂ ಅದನ್ನೇ ಎಣಿಸುವುದಕ್ಕೆ. ಅವ್ವ ಕರೆದಿರಲೂ ಇಲ್ಲ, ಗಂಗೂ ಓಗೊಡದೆ ಬಿಟ್ಟಿರಲೂ ಇಲ್ಲ. ಐದು ಮುಗಿದ ಮೇಲೆ ಅವ್ವನ ತುಟಿ ಇನ್ನೊಂದು ಮಾತು ಆಡಿತು. ಗಂಗೂ ನನ್ನತ್ತ ತಿರುಗಿ, ಎರಡೂ ಅಂಗೈಗಳನ್ನು ತಕ್ಕಡಿಯ ಹಾಗೆ ಸಮವಾಗಿ ಹಿಡಿದು ತೋರಿಸಿದಳು. ಬರೋಬರಿ, ಲೆಕ್ಕ ಸರಿಯಿದೆ.

ಆಮೇಲೆ ಅತ್ತಳು. ತನ್ನ ಅಳು ತನಗೆ ಕೇಳದವಳ ಅಳು, ನೆರೆಮನೆಯವರು ಓಡಿ ಬಂದರು. ಸಂಗವ್ವ ಅವಳ ತಲೆಯನ್ನು ಎದೆಗೊತ್ತಿಕೊಂಡು ಕೂತಳು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ? ಅವ್ವ ನನ್ನ ಜೊತೆ ಜೀವಮಾನವಿಡೀ ದನಿ ತೆಗೆದೇ ಮಾತಾಡಿದಳು. ಹಿತ್ತಲಿಂದ ಕೂಗಿದರೆ ಕೂತಲ್ಲಿಂದಲೇ ಓ ಅಂದಿದ್ದೇನೆ, ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ. ಅವಳ ತುಟಿ ಹೇಗೆ ಆಡುತ್ತಿತ್ತೆಂದು ನಾನು ನೆಟ್ಟಗೆ ನೋಡಿದ್ದು ಸಂಗವ್ವನ ಪಡಸಾಲೆಯಲ್ಲೇ ಮೊದಲು.

ಹೊತ್ತು ಮುಳುಗುವ ಮುಂಚೆ ಬಾಗೇವಾಡಿಗೆ ಮರಳಿದೆವು. ನಿಲ್ದಾಣದ ತುಂಬ ಜನ. ಕಲ್ಲುಬೆಂಚಿನ ತುದಿಯಲ್ಲಿ ಕೂತು ನಾನು ಕಣ್ಣು ಮುಚ್ಚಿದ್ದೆ. ಗಂಗೂ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು. ನನ್ನನ್ನೇ ನೋಡುತ್ತ ತುಟಿ ಆಡಿಸಿದಳು, ದನಿಯಿಲ್ಲದೆ. ಇಷ್ಟು ವರ್ಷದಲ್ಲಿ ನನ್ನ ಜೊತೆ ಹಾಗೆ ಎಂದೂ ಮಾತಾಡಿರಲಿಲ್ಲ. ತಿಳಿಯಲಿಲ್ಲ, ಕೈಯಲ್ಲಿ ಹೇಳು ಎಂದು ಸನ್ನೆ ಮಾಡಿದೆ. ಅವಳು ನನ್ನ ಕೈಗಳನ್ನು ಹಿಡಿದು ಮಡಿಲಿಗೆ ಒತ್ತಿ, ಮತ್ತೆ ತುಟಿ ಆಡಿಸಿದಳು. ಆಗಲೂ ತಿಳಿಯಲಿಲ್ಲ. ಮೂರನೆಯ ಸಲ, ಒಂದನೆಯ ಇಯತ್ತೆಯ ಮಕ್ಕಳಿಗೆ ನಾನು ಹೇಳಿಕೊಡುವಷ್ಟು ನಿಧಾನವಾಗಿ ಹೇಳಿದಳು. ತುಟಿ ಎರಡು ಸಲ ಕೂಡಿತು, ಎರಡು ಸಲ ಬಿಟ್ಟಿತು.

ಬಸ್ಸು ಬಂತು, ಎನ್ನುತ್ತಿದ್ದಳು.

ನಾನು ಅದನ್ನು ಓದಿಕೊಳ್ಳುವಷ್ಟರಲ್ಲಿ ಸೀಟೆಲ್ಲ ತುಂಬಿದ್ದವು. ವಿಜಯಪುರದ ತನಕ ನಲವತ್ತು ಚಿಲ್ಲರೆ ಕಿಲೋಮೀಟರು ಇಬ್ಬರೂ ಒಂದೇ ಕಂಬ ಹಿಡಿದು, ಎದುರುಬದುರು ನಿಂತೇ ಬಂದೆವು.