ಮೂರನೇ ಬೆಂಚಿನ ಗ್ರಿಗ್ಸ್

ಲೆಮ್ಯುಯೆಲ್ ಗ್ರಿಗ್ಸ್ ತಾನು ದೊಡ್ಡ ಮನುಷ್ಯ ಅಂತ ಒಂದು ದಿನವೂ ಅಂದುಕೊಂಡವನಲ್ಲ. ಸವಾನಾ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಕಾಗದ ವಿಂಗಡಿಸಿದವನು ಹೇಳಿಕೊಳ್ಳುವುದಾದರೂ ಏನನ್ನು? ಹಾಗಾಗಿ ಸತ್ತ ಮುತ್ತಜ್ಜನನ್ನು ಹೇಳಿಕೊಳ್ಳುತ್ತಿದ್ದ. ಸತ್ತವರು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ.

ಗುಲಾಮಗಿರಿ ಹೋದ ಮೇಲೆ ಪತ್ರಿಕೆ ನಡೆಸಿ, ಶಾಸನಸಭೆಗೆ ಗೆದ್ದು, ಬರೀ ಮಾತಿನಿಂದಲೇ ಬಿಳಿಯರ ನಿದ್ದೆ ಕೆಡಿಸಿದ ಕಪ್ಪು ನಾಯಕರು ಎಲಿಹು ಸ್ಟೋಕ್ಸ್. ಅವರ ಭಾಷಣಗಳನ್ನೆಲ್ಲ ಬರೆದುಕೊಟ್ಟವನು ತನ್ನ ಮುತ್ತಜ್ಜ ಇಜೆಕಿಯಲ್ ಎಂದು ಗ್ರಿಗ್ಸ್ ತಾನು ಡೀಕನ್ ಎಂಬ ಹಿರಿಯನಾಗಿದ್ದ ಚರ್ಚಿನಲ್ಲಿ, ಕ್ಷೌರದಂಗಡಿಯಲ್ಲಿ, ಶವಸಂಸ್ಕಾರಗಳಲ್ಲಿ ಹೇಳಿದ್ದ. ಪ್ರತಿ ಸಲವೂ ಮಾತಿನ ಕೊನೆಗೆ ‘ಅಂತೆ’ ಸೇರಿಸುತ್ತಿದ್ದವಳು ಹೆಂಡತಿ ವರ್ಲೀನ್.

ಸ್ಟೋಕ್ಸರ ಮನೆಯವರು ಅವರ ಕಾಗದಪತ್ರಗಳನ್ನು ಗ್ರಂಥಾಲಯಕ್ಕೆ ಕೊಟ್ಟರು. ಅದರ ಸಮಾರಂಭದಲ್ಲಿ ಮಾತಾಡಲು, ಭಾಷಣ ಬರೆದವನ ವಂಶದವನೆಂದು ಗ್ರಿಗ್ಸ್‌ಗೆ ಕರೆ ಬಂತು. ಒಪ್ಪಿಕೊಂಡ. ಆಮೇಲೆ ಕಾಗದ ನೋಡಲು ಹೋದ. ಬುದ್ಧಿ ಇದ್ದವರು ಮೊದಲು ನೋಡಿ ಆಮೇಲೆ ಒಪ್ಪಿಕೊಳ್ಳುತ್ತಾರೆ.

ಭಾಷಣಗಳೆಲ್ಲ ಸ್ಟೋಕ್ಸರದೇ ಕೈಬರಹ. ಗ್ರಂಥಾಲಯದ ಹುಡುಗಿ ಡೆನೀಸ್, ಶಾಲೆ ಬೇಕೆಂದು ಆ ಕಾಲದ ಜನ ಸಲ್ಲಿಸಿದ್ದ ಹಳೆಯ ಮನವಿಯೊಂದನ್ನು ಮುಂದಿಟ್ಟಳು. ಅದರಲ್ಲಿ ಇಜೆಕಿಯಲ್ ಗ್ರಿಗ್ಸ್ ಎಂಬ ಹೆಸರಿನ ಪಕ್ಕ ಒಂದು ವಕ್ರ ಗೀಟಿನ ಗುರುತು.

“ಅವ್ರಿಗೆ ಸಹಿ ಹಾಕೋಕೂ ಬರ್ತಿರ್ಲಿಲ್ಲ, ಡೀಕನ್ನರೇ. ಆದ್ರೆ ಇಲ್ನೋಡಿ.”

ಭಾಷಣದ ಅಂಚಿನಲ್ಲಿ ಸ್ಟೋಕ್ಸರದೇ ಸಣ್ಣಕ್ಷರದಲ್ಲಿತ್ತು: ‘ಗ್ರಿಗ್ಸ್‌ನನ್ನು ಮೂರನೇ ಬೆಂಚಿನಲ್ಲಿ ಕೂರಿಸಬೇಕು. ಇಲ್ಲಿ ಗ್ರಿಗ್ಸ್ ಕೂಗುತ್ತಾನೆ. ಕಾಯಬೇಕು.’

ಮನೆಗೆ ಬಂದು ವರ್ಲೀನಳಿಗೆ ಹೇಳಿದ. ಅವಳು ಕೆಂಪನ್ನದ ಸೌಟು ಹಿಡಿದೇ ನಕ್ಕಳು.

“ಅಂದ್ರೆ ನಿಮ್ಮ ವಂಶದಲ್ಲಿ ಅವತ್ತಿಂದಲೂ ಕೆಲಸ ಮಾಡಿದ್ದು ಗಂಟಲು ಒಂದೇ!”

“ಹೊಟ್ಟೆನೋವು ಅಂತ ಫೋನ್ ಮಾಡ್ಬಿಡ್ಲಾ?”

“ಸುಳ್ಳು ಹೇಳುವಾಗ ಬರದ ಹೊಟ್ಟೆನೋವು ನಿಜ ಹೇಳೋಕೆ ಬಂತಾ? ಹೋಗ್ ಮಾರಾಯ.”

ಹೋದ. ಸಭೆ ಗ್ರಂಥಾಲಯದ್ದು. ಚರ್ಚಿನಲ್ಲಿ ಬೋಧಕರ ಮಾತು ಮಾತಿಗೂ ಕೂಗಿ ಹುರಿದುಂಬಿಸುವ ಅದೇ ಜನ ಇಲ್ಲಿ ಮಡಿಲಲ್ಲಿ ಕೈಯಿಟ್ಟು ಮೆತ್ತಗೆ ಕೂತಿದ್ದರು.

“ನಮ್ಮ ಮುತ್ತಜ್ಜ ಒಂದಕ್ಷರ ಬರೆದೋನಲ್ಲ. ನಾನು ಹೇಳಿದ್ದೆಲ್ಲ ಬುರುಡೆ,” ಎಂದ ಗ್ರಿಗ್ಸ್. ಯಾರೋ ಕೆಮ್ಮಿದರು. ಮಾನ ಹೋಗಿದ್ದು ಹೋಯಿತು, ಇನ್ನೇನು ಎಂದು, ಆ ಕಾಗದಗಳ ನಡುವೆ ಸಿಕ್ಕ ಸ್ಟೋಕ್ಸರ ದಿನಚರಿಯ ಒಂದು ಸಾಲು ಓದಿದ: ‘ಗ್ರಿಗ್ಸ್‌ಗೆ ಜ್ವರ, ಬರಲಿಲ್ಲ. ಇವತ್ತು ನನ್ನ ಮಾತು ಸತ್ತಿತು.’

ಓದಿ ತಲೆಯೆತ್ತಿದ. ಆಮೇಲೆ ಸ್ಟೋಕ್ಸರ ಭಾಷಣ ಹಿಡಿದ. ಓದಿದಷ್ಟೂ ತೌಡು ಕುಟ್ಟಿದಂತಿತ್ತು. ಮಾತು ಸಾಯುವುದೆಂದರೇನು ಅಂತ ಅವನಿಗೀಗ ಅರ್ಥವಾಯಿತು. ಅಂಚಿನಲ್ಲಿ ‘ಇಲ್ಲಿ ಗ್ರಿಗ್ಸ್ ಕೂಗುತ್ತಾನೆ’ ಎಂದಿದ್ದ ಜಾಗ ಬಂತು.

“ಇಲ್ಲಿ ಮುತ್ತಜ್ಜ ಕೂಗ್ತಿದ್ದ. ಸ್ಟೋಕ್ಸರು ಕಾಯ್ತಿದ್ರು,” ಎಂದು ತಾನೂ ಕಾದ. ಯಾರೂ ಅಲ್ಲಾಡಲಿಲ್ಲ. ಕಂಕುಳಲ್ಲಿ ಬೆವರು. ಮುದಿ ಮೂರ್ಖ, ಕಾಗದ ಮಡಚಿ ಇಳಿ, ಎಂದು ತನಗೇ ಹೇಳಿಕೊಂಡ.

“ಹೇಳಪ್ಪಾ!”

ವರ್ಲೀನ್ ಎದ್ದು ನಿಂತಿದ್ದಳು. ಕೈ ಮೇಲೆತ್ತಿದ್ದಳು, ನಗುತ್ತಿರಲಿಲ್ಲ.

“ನಿಲ್ಲಿಸ್ಬೇಡ ಲೆಮ್! ಹೇಳು!”

ನಲವತ್ತೊಂದು ವರ್ಷದ ಸಂಸಾರದಲ್ಲಿ ‘ಸಾಕು ನಿಲ್ಲಿಸು’ ಎಂಬುದನ್ನೇ ಅವಳ ಬಾಯಿಂದ ಕೇಳುತ್ತಾ ಬಂದವನು ಅವನು. ಹಿಂದಿನಿಂದ ಇನ್ನೊಬ್ಬರು ಕೂಗಿದರು, ಮತ್ತೊಬ್ಬರು. ಗ್ರಿಗ್ಸ್ ಬಾಯಿ ತೆರೆದ. ಅಳು ಬಂದು ಗಂಟಲು ಕಟ್ಟಿತ್ತು. ಈಗ ಸಭೆಯೇ ಅವನಿಗಾಗಿ ಕಾಯಬೇಕಾಯಿತು.